ಹನ್ನೆರಡು ಮಂಚಗಳಿಗೆ ಹನ್ನೆರಡು ಹಗ್ಗ

ಈರಪ್ಪಣ್ಣ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು, ಸ್ಟೂಲಿನ ಮೇಲೆ ಕೈಕಟ್ಟಿ ಕೂತರೆಂದರೆ ಹೊಸನಗರದ ಬಸ್ ಸ್ಟ್ಯಾಂಡಿನವರಿಗೆಲ್ಲ ಗೊತ್ತಾಗುತ್ತಿತ್ತು, ಇವತ್ತು ಯಾವುದೋ ಹೊಸ ಯಂತ್ರದ ಪರೀಕ್ಷೆ ಇದೆ ಅಂತ. ಅವರದು ರೇಡಿಯೋ ರಿಪೇರಿ ಅಂಗಡಿ. ರಿಪೇರಿ ಜೊತೆಗೆ ಪಂಪ್‌ಸೆಟ್ಟಿನ ಸ್ವಿಚ್ ಪೆಟ್ಟಿಗೆ, ಗಂಟೆ, ಟೈಮರು ಅಂತ ಏನಾದರೊಂದು ಕಟ್ಟುತ್ತಿದ್ದರು. ಕಟ್ಟಿದ್ದನ್ನು ಅಂಗಡಿ ಮುಂದಿನ ಬೆಂಚಿನ ಮೇಲಿಟ್ಟು, ಬಸ್ಸಿಳಿದವರನ್ನು ಕರೆದು, "ಸ್ವಲ್ಪ ಇದನ್ನ ಹಚ್ಚಿ ನೋಡಿ" ಅಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. ಆಮೇಲೆ ಅವರು ಮಾತಾಡುವ ಹಾಗೇ ಇರಲಿಲ್ಲ. ಬಂದವರು ಎಲ್ಲಿ ಒತ್ತುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನೆ ನೋಡುತ್ತಿದ್ದರು.

"ನಾವು ಹೇಳ್ಕೊಟ್ರೆ ಯಾರಿಗಾದ್ರೂ ಬರತ್ತೆ ಮಾರಾಯ್ತಿ. ನಾವು ಬಸ್ ಹತ್ತಿ ಹೋದ್ಮೇಲೂ ಬರ್ಬೇಕು" ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ಸಾಗರದವಳು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಹೊಸನಗರದಲ್ಲಿದ್ದ ಸೋದರಮಾವ ಈರಪ್ಪಣ್ಣನ ಅಂಗಡಿಗೆ ಸೇರಿಸಿದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯನಿಂದ ನಾನೇನು ಕಲಿಯುವುದಿದೆ ಎಂಬ ಕೊಬ್ಬು ನನಗೆ ಧಾರಾಳವಾಗಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ. ಮೊದಲ ಪರೀಕ್ಷೆಯ ದಿನ ಬೆಂಚಿನ ಮುಂದೆ ಕೂತವನೊಬ್ಬ ತಪ್ಪು ಗುಂಡಿ ಒತ್ತಿದಾಗ ತಡೆಯಲಾರದೆ "ಅದಲ್ಲ, ಇದು" ಅಂದುಬಿಟ್ಟೆ. ಈರಪ್ಪಣ್ಣ ಎದ್ದು ಹೋಗಿ ಉಗುಳಿ ಬಂದು, ನನ್ನ ಅಂಗೈಗೆ ಎರಡು ಲವಂಗ ಹಾಕಿದರು. "ಎಲೆಯಡಿಕೆ ನಿಂಗೆ ಬ್ಯಾಡ. ಇದನ್ನ ಕಚ್ಕಂಡು ಕೂತ್ಕ. ಬಾಯಿ ತೆಗೆದ್ರೆ ಖಾರ ಆಗತ್ತೆ" ಅಂದರು.

ಅವರ ಕೆಲಸದ ರೀತಿಯೇ ಹಾಗೆ. ಕಣ್ಣು ಮಂಜಾದ ಅಜ್ಜಿಯೊಬ್ಬಳು ರೇಡಿಯೋ ಕೆಟ್ಟಿದೆ ಎಂದು ಮೂರು ಸಲ ಹೊತ್ತು ತಂದಿದ್ದಳು. ರೇಡಿಯೋ ಕೆಟ್ಟೇ ಇರಲಿಲ್ಲ. ಮೊಮ್ಮಕ್ಕಳು ತಿರುಗಿಸಿಟ್ಟ ಮುಳ್ಳನ್ನು ಮತ್ತೆ ಭದ್ರಾವತಿ ಸ್ಟೇಷನ್ನಿಗೆ ತರುವುದು ಅವಳಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ನಾನಾಗಿದ್ದರೆ ಬೈದು ಕಳಿಸುತ್ತಿದ್ದೆ. ಈರಪ್ಪಣ್ಣ ತಿರುಗುಬಿಲ್ಲೆಯ ಮೇಲೊಂದು ಹನಿ, ಪೆಟ್ಟಿಗೆಯ ಮೇಲೊಂದು ಹನಿ ಅರಗು ಬಿಟ್ಟು, "ಎರಡೂ ಬೊಟ್ಟು ಎದುರುಬದುರಾದ್ರೆ ಬೆಳಗಿನ ಹಾಡು" ಅಂದರು. ಅಜ್ಜಿ ಬೆರಳಾಡಿಸಿ ನೋಡಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಎರಡನೇ ವರ್ಷ ತೀರ್ಥಹಳ್ಳಿಯ ಒಬ್ಬ ಡಾಕ್ಟರಮ್ಮ ಹೇಳಿ ಕಳಿಸಿದರು. ಅವರದು ಹನ್ನೆರಡು ಮಂಚದ ಹೆರಿಗೆ ಆಸ್ಪತ್ರೆ. ವಾರ್ಡು ಒಂದು ಕಡೆ, ನರ್ಸು ಮತ್ತು ಆಯಾ ಕೂರುವ ಕೋಣೆ ಉದ್ದನೆಯ ಜಗಲಿ ದಾಟಿ ಇನ್ನೊಂದು ಕಡೆ. ಬಾಣಂತಿ ಮಲಗಿದಲ್ಲಿಂದಲೇ ಕರೆಯುವಂತೆ ಒಂದು ಗಂಟೆ ಬೇಕಿತ್ತು. ಬೆಂಗಳೂರಿನ ಕಂಪನಿಯೊಂದು ಆಗಲೇ ಅವರನ್ನು ಕಂಡು ಹೋಗಿತ್ತು. "ನೀವು ಮಾಡ್ತೀರಾದ್ರೆ ನಿಮಗೇ ಕೊಡ್ತೀನಿ" ಅಂದರು.

ಈರಪ್ಪಣ್ಣ ಆ ಕೆಲಸವನ್ನು ಪೂರ್ತಿ ನನಗೆ ಬಿಟ್ಟರು. ನನಗೂ ಅದು ಬೇಕಾಗಿತ್ತು. ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಕೂತು ತಂತಿ ಬೆಸೆಯುವುದು ಅಪ್ಪನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. "ದೀಪಾವಳಿ ತನಕ ನೋಡ್ತೀನಿ. ಹೇಳಿಕೊಳ್ಳೋ ಅಂಥದ್ದು ಒಂದು ಮಾಡು. ಇಲ್ಲಾಂದ್ರೆ ನಾನೇ ಬಂದು ಕರ್ಕಂಡು ಬರ್ತೀನಿ" ಎಂದಿದ್ದ. ಕರೆದುಕೊಂಡು ಹೋದರೆ ಮುಂದೆ ಮದುವೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಇದೊಂದು ಗೆಲ್ಲಲೇಬೇಕಿತ್ತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದೆ. ಪ್ರತಿ ಮಂಚದ ತಲೆಯ ಮೇಲೆ ಗೋಡೆಯಲ್ಲೊಂದು ಕೆಂಪು ಗುಂಡಿ. ಅದನ್ನು ಒತ್ತಿದರೆ ನರ್ಸಿನ ಕೋಣೆಯಲ್ಲಿ ಗಂಟೆ ಬಡಿದು, ಮಂಚದ ನಂಬರು ಕೆಂಪು ಅಂಕಿಗಳಲ್ಲಿ ಹೊಳೆಯುತ್ತಿತ್ತು. ಅಂಥ ಡಿಜಿಟಲ್ ಅಂಕಿ ಆಗ ನಮ್ಮ ಕಡೆ ಕೈಗಡಿಯಾರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಿರಲಿಲ್ಲ. ಬೆಂಚಿನ ಪರೀಕ್ಷೆಯಲ್ಲಿ ಹತ್ತು ಜನ ಒತ್ತಿದರು, ಹತ್ತೂ ಜನರಿಗೆ ಬಂತು. ಈರಪ್ಪಣ್ಣನೇ ತಲೆಯಾಡಿಸಿ ಒಪ್ಪಿದರು. ತೀರ್ಥಹಳ್ಳಿಗೆ ಹೋಗಿ ಕೂರಿಸಿ ಬಂದೆವು.

ನಾಲ್ಕನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಆಗುಂಬೆ ಕಡೆಯ ಬಾಣಂತಿಯೊಬ್ಬಳಿಗೆ ಬೆಳಗ್ಗೆ ರಕ್ತಸ್ರಾವ ಶುರುವಾಗಿತ್ತು. ಗಂಟೆ ಬಡಿದಿರಲಿಲ್ಲ. ಅವಳ ಅತ್ತೆ ಜಗಲಿಯುದ್ದಕ್ಕೂ ಓಡಿಹೋಗಿ ನರ್ಸನ್ನು ಕರೆತಂದಿದ್ದಳು. ಡಾಕ್ಟರಮ್ಮ ಅಲ್ಲೇ ಇದ್ದದ್ದಕ್ಕೆ ಜೀವ ಉಳಿಯಿತು.

ಸಿಕ್ಕ ಬಸ್ಸು ಹಿಡಿದು ಇಬ್ಬರೂ ಹೋದೆವು. ಗುಂಡಿ ಒತ್ತಿದರೆ ಗಂಟೆ ಸರಿಯಾಗಿಯೇ ಬಡಿಯಿತು. ನನಗೆ ಭಯವೆಲ್ಲ ಹೋಗಿ ಸಿಟ್ಟು ಬಂತು. "ಇಷ್ಟು ದೊಡ್ಡ ಕೆಂಪು ಗುಂಡಿ ಕಾಣಲಿಲ್ವಾ ನಿಮಗೆ?" ಎಂದು ಆ ಅತ್ತೆಯ ಮೇಲೆ ಹಾರಿಬಿದ್ದೆ. ಈರಪ್ಪಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಹತ್ತಿರ ನೆಲದಲ್ಲೇ ಕೂತು, "ಮನೇಲಿ ಪಂಪ್ ಹೆಂಗೆ ಹಚ್ತೀರಿ ಅಮ್ಮ?" ಎಂದು ಕೇಳಿದರು.

"ಮಳೆಗಾಲದಾಗೆ ಸ್ವಿಚ್ ಯಾರು ಮುಟ್ತಾರೆ? ಜುಮ್ ಅಂತ ಹೊಡಿಯತ್ತೆ. ಮರದ ಸೌಟಲ್ಲಿ ಒತ್ತದು" ಅಂದಳು ಅವಳು. "ಇಲ್ಲಿ ಗೋಡೆ ನೋಡಿ, ನೀರು ಒಸರ್ತದೆ. ಹಸಿ ಬಾಣಂತಿ ಕೈಲಿ ಕರೆಂಟ್ ಮುಟ್ಸಕ್ಕಾಗತ್ತಾ? ಇಲ್ಲಿ ಸೌಟು ಎಲ್ಲಿಂದ ತರ್ಲಿ?"

ಆ ಗುಂಡಿಯಲ್ಲಿದ್ದದ್ದು ಹನ್ನೆರಡು ವೋಲ್ಟು, ಇರುವೆ ಕಚ್ಚಿದಷ್ಟೂ ಆಗದು. ಅದು ನನಗೆ ಗೊತ್ತಿತ್ತು, ಅವಳಿಗಲ್ಲ. ಅಷ್ಟು ಸಾಲದೆಂಬಂತೆ ಆಯಾ ಕೂಡ ಬಾಯಿಬಿಟ್ಟಳು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಗಂಟೆ ಆದಾಗಲೆಲ್ಲ ಹನ್ನೆರಡು ಮಂಚವನ್ನೂ ಸುತ್ತಿ ಬರುತ್ತಿದ್ದಳಂತೆ.

"ಭಾನುವಾರ ಬೆಂಗಳೂರಿನವರು ಬರ್ತಾರೆ" ಅಂದರು ಡಾಕ್ಟರಮ್ಮ. ಮಧ್ಯೆ ಇದ್ದದ್ದು ಐದು ದಿನ.

ಬಸ್ಸಿನಲ್ಲಿ ವಾಪಸಾಗುವಾಗ ಈರಪ್ಪಣ್ಣ, "ತಪ್ಪು ನಂದು. ಒಣ ಕೈಯ ಗಂಡಸರನ್ನ ಕೂರ್ಸಿ ಪರೀಕ್ಷೆ ಮಾಡ್ದೆ. ಬಾಣಂತೀರಿಗೆ ಮಾಡಿದ್ದನ್ನ ಬಾಣಂತೀರಿಗೇ ತೋರ್ಸಲಿಲ್ಲ" ಅಂದರು. ನಾನು ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದ್ದೆ. ಅಷ್ಟರಲ್ಲಿ ಮುಂದೆ ನಿಂತಿದ್ದ ಮುದುಕಿಯೊಬ್ಬಳು, ತೊಯ್ದ ಸೀರೆ, ತೊಯ್ದ ಕೈ, ತನ್ನ ಊರು ಬಂತೆಂದು ಬಸ್ಸಿನೊಳಗೆ ತಲೆಯ ಮೇಲೆ ಕಟ್ಟಿದ್ದ ಗಂಟೆಯ ಹಗ್ಗವನ್ನು ತಾನೇ ಜಗ್ಗಿದಳು. ಡ್ರೈವರನ ತಲೆಯ ಹತ್ತಿರ ಟಿಣ್ ಅಂತು. ಕಂಡಕ್ಟರು ಬೈದ. ಅವಳು ಆರಾಮಾಗಿ ಇಳಿದು ಹೋದಳು.

ಈರಪ್ಪಣ್ಣ ನನ್ನ ಮೊಣಕೈ ಹಿಡಿದರು. "ಕಂಡ್ಯಾ? ಆ ಹಗ್ಗಕ್ಕೆ ಯಾರಾದ್ರೂ ಹೆದ್ರಿದ್ದು ನೋಡಿದ್ಯಾ?"

ಗುಂಡಿಯ ಬದಲು ಹಗ್ಗ ಇಳಿಬಿಡುವುದಕ್ಕೆ ನನ್ನ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಅಂಕಿಯ ವಿಷಯದಲ್ಲಿ. ಅದನ್ನು ಕಿತ್ತು, ವಾರ್ಡಿನಲ್ಲಿ ಮಂಚಗಳಿರುವ ಹಾಗೇ ಒಂದು ಹಲಗೆಯ ಮೇಲೆ ಹನ್ನೆರಡು ದೀಪ ಕೂರಿಸಬೇಕು ಅಂದರು ಈರಪ್ಪಣ್ಣ. ಬಾಗಿಲ ಪಕ್ಕದ ಮಂಚಕ್ಕೆ ಬಾಗಿಲ ಪಕ್ಕದ ದೀಪ. ಓದುವ ಕೆಲಸವೇ ಇಲ್ಲ. ನನಗೆ ಅಳುವೇ ಬಂತು. "ಹಾಗಾದರೆ ನಾನು ಓದಿದ್ದು ಯಾಕೆ?" ಎಂದು ಕೇಳಿದೆ.

"ಓದಿದ್ದು ಒಳಗಿರ್ಲಿ. ಹೊರಗೆ ಅವ್ರಿಗೆ ಬೇಕಾದ್ದು ಇರ್ಲಿ" ಅಂದರು. "ಇನ್ನೊಂದು ಮಾಡು. ಒಂದ್ಸಲ ಹತ್ತಿದ ದೀಪ ಹಗ್ಗ ಬಿಟ್ರೂ ಆರ್ಬಾರ್ದು. ಮಂಚದ ಹತ್ರ ಹೋಗೇ ಆರ್ಸ್ಬೇಕು. ಕೂತಲ್ಲೇ ಆರ್ಸಂಗಿದ್ರೆ ಯಾರು ಎದ್ದು ಹೋಗ್ತಾರೆ?"

ಅದನ್ನು ನಾನು ಮಾಡಿಕೊಟ್ಟೆ. ಹತ್ತಿದ್ದನ್ನು ನೆನಪಿಟ್ಟುಕೊಳ್ಳುವ ಆ ಸರ್ಕೀಟು ಪೂರ್ತಿ ನನ್ನದೇ, ನನ್ನ ಓದಿನದೇ. ಶನಿವಾರ ಹನ್ನೆರಡು ಮಂಚಗಳ ಮೇಲೆ ಹನ್ನೆರಡು ಹತ್ತಿಯ ಹಗ್ಗ ಇಳಿಬಿಟ್ಟು, ಯಾರಿಗೂ ಏನೂ ಹೇಳದೆ ವಾರ್ಡಿನ ಮೂಲೆಯಲ್ಲಿ ನಿಂತೆವು. ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಆ ಆಗುಂಬೆ ಕಡೆಯ ಬಾಣಂತಿ, ಅತ್ತೆ ಬಚ್ಚಲಿಗೆ ಹೋಗಿದ್ದಾಗ, ನೀರು ಬೇಕಾಗಿ ಕೈ ಎತ್ತಿ ಹಗ್ಗ ಎಳೆದಳು. ಆಯಾ ನೆಟ್ಟಗೆ ಅವಳ ಮಂಚಕ್ಕೇ ಬಂದಳು. ಡಾಕ್ಟರಮ್ಮ ಸಂಜೆಯೇ ಬೆಂಗಳೂರಿನವರಿಗೆ ಬರಬೇಡಿ ಎಂದು ಫೋನು ಮಾಡಿದರು.

ಅಷ್ಟಾದರೂ ದೀಪಾವಳಿಗೆ ಅಪ್ಪ ಬಂದೇ ಬಂದ. ಹಗ್ಗ, ಹಲಗೆ ಕೇಳಿ, "ಇದರಲ್ಲಿ ನಿಂದೇನಿದೆ?" ಅಂದ.

ಈರಪ್ಪಣ್ಣ ಕೆಲಸದಿಂದ ತಲೆಯೆತ್ತದೆ, "ಕರ್ಕಂಡು ಹೋಗಿ ಸಾರ್, ನಿಮ್ಮ ಮಗಳು" ಅಂದರು. "ಆದ್ರೆ ನಾಳೆ ಅದು ಕೆಟ್ರೆ ಆ ಬಾಣಂತೀರ ಗತಿ ಏನು ಅಂತ ನೀವೇ ಡಾಕ್ಟರಮ್ಮಂಗೆ ಹೇಳಿ ಹೋಗಿ. ಹಗ್ಗ ನಂದು, ಕಟ್ತೀನಿ. ಒಳಗಿಂದು ಇವಳದು. ನಂಗೆ ಅದರ ತಲೆಬುಡ ಗೊತ್ತಿಲ್ಲ."

ಅಪ್ಪ ಕಾಫಿ ಕುಡಿದು, ಒಬ್ಬನೇ ಸಾಗರದ ಬಸ್ಸು ಹತ್ತಿದ. ನಾನು ಉಳಿದೆ. ಆಮೇಲೆ ಬೇರೆ ಊರಿನ ನಾಲ್ಕು ಆಸ್ಪತ್ರೆಗಳಿಗೆ ಅಂಥದ್ದೇ ಮಾಡಿದೆ. ಸಾಗರದಲ್ಲಿ ಸ್ವಂತ ಅಂಗಡಿಯನ್ನೂ ತೆಗೆದೆ.

ಈರಪ್ಪಣ್ಣ ಒಂದು ಬೆಳಗ್ಗೆ ಎದೆನೋವು ಬಂದು ಹೋಗಿಬಿಟ್ಟರು. ನನಗೆ ಮುಖ ನೋಡಲೂ ಸಿಗಲಿಲ್ಲ. ತಿಂಗಳಾದ ಮೇಲೆ ಅವರ ಹೆಂಡತಿ ಅಂಗಡಿ ಖಾಲಿ ಮಾಡಲು ಕರೆದರು. ಹಳೆಯ ಡಬ್ಬಗಳ ಹಿಂದೆ ಅವರ ನೋಟ್‌ಬುಕ್ ಸಿಕ್ಕಿತು. ನಡುವಿನ ಎರಡು ಪುಟದ ತುಂಬ ಪೆನ್ಸಿಲಿನಲ್ಲಿ ಬರೆದ ಒಂದು ಸರ್ಕೀಟು ಇತ್ತು. ತೀರ್ಥಹಳ್ಳಿಯದು. ನನ್ನದು. ತಲೆಬುಡ ಗೊತ್ತಿಲ್ಲ ಅಂದವರು ಒಂದು ತಂತಿಯನ್ನೂ ಬಿಟ್ಟಿರಲಿಲ್ಲ. ಒಂದು ಕಡೆ ನಾನು ಡಯೋಡನ್ನು ತಿರುವುಮುರುವು ಹಾಕಿದ್ದೆನಂತೆ, ಅದರ ಸುತ್ತ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದರು: "ಶುಕ್ರವಾರ ಸರಿ ಮಾಡಿದೀನಿ. ಅವಳಿಗೆ ಹೇಳದು ಬ್ಯಾಡ."

ಓದಿದ ಕೂಡಲೆ ನನಗೆ ಬಂದದ್ದು ಸಿಟ್ಟು. ಅಳು ಆಮೇಲೆ ಬಂತು.