ಹತ್ತನೇ ನಂಬರಿನ ಅಂಗಿಯ ಫೋಟೊ

ಸ್ಯಾನ್ ಹೊಸೆಯ ಬೇಲ್ಯಾಂಡ್ಸ್ ಫುಟ್‌ಬಾಲ್ ಕ್ಲಬ್ಬಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು ಪೇಪರಿನವರಿಗಿಂತ ಮೊದಲು ಗೊತ್ತಾಗುವುದು ನಮ್ಮ ಯತೀಶನಿಗೆ. ಅವನೇನು ದೊಡ್ಡ ಸಾಹೇಬನಲ್ಲ. ಅಂಗಿ ಒಗೆಸುವವನು, ಬೂಟು ಜೋಡಿಸುವವನು, ಬಿಸಿ ಪ್ರೆಸ್ಸಿನಲ್ಲಿ ಅಂಗಿಯ ಬೆನ್ನಿಗೆ ಹೆಸರು ಅಂಟಿಸುವವನು. ಹೆಸರು ಅಂಟದೆ ಯಾವ ಸ್ಟಾರೂ ಕ್ಯಾಮೆರಾದ ಮುಂದೆ ನಿಲ್ಲುವ ಹಾಗಿಲ್ಲವಲ್ಲ!

ಅವನ ಅಪ್ಪ ಮಂಗಳೂರಿನ ಬಂದರಿನಲ್ಲಿ ಟೈಲರ್. ನೆಹರೂ ಮೈದಾನದ ಆಟಗಾರರಿಗೆಲ್ಲ ನಂಬರು ಹೊಲಿದುಕೊಟ್ಟವರು. ಯತೀಶ ನರ್ಸ್ ಅಮಿತಾಳನ್ನು ಮದುವೆಯಾಗಿ ಇಲ್ಲಿಗೆ ಬಂದ. ಏರ್‌ಪೋರ್ಟಿನ ವ್ಯಾನು ಓಡಿಸಿದ, ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ತಿಕ್ಕಿದ. ಐವತ್ತು ಹತ್ತಿರವಾದಾಗ ಈ ಕೆಲಸ ಸಿಕ್ಕಿತು. ಇದು ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಅವನದ್ದೊಂದು ಅಭ್ಯಾಸ. ಒಮ್ಮೆ ಅಕ್ಷರ ಓರೆಯಾಗಿ ಅಂಟಿ ಬೈಸಿಕೊಂಡಿದ್ದ. ಅಂದಿನಿಂದ ಪ್ರೆಸ್ಸು ಇಳಿಸುವ ಮೊದಲು ಒಂದು ಫೋಟೊ ತೆಗೆದು ಅಮಿತಾಳಿಗೆ ಕಳಿಸುತ್ತಾನೆ. ಆಸ್ಪತ್ರೆಯಿಂದಲೇ ಅವಳ ಉತ್ತರ ಬರುತ್ತದೆ: "ಎಡಗಡೆ ಸ್ವಲ್ಪ ಇಳಿದಿದೆ ನೋಡಿ."

ಆ ಮಂಗಳವಾರ ಮಧ್ಯಾಹ್ನ ತಂಡ ಕಟ್ಟುವ ಮುಖ್ಯಸ್ಥೆ ಮರಿಸೋಲ್ ತಾನೇ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಚೀಟಿ ಕೊಟ್ಟಳು. ಸಾಲ್ವಟೇರಾ, ಹತ್ತು. ಯುರೋಪಿನಲ್ಲಿ ಆಡುವ ಅಷ್ಟು ದೊಡ್ಡ ಆಟಗಾರ!

"ಸಹಿ ನಾಳೆ ಬೆಳಿಗ್ಗೆ. ಅದಕ್ಕೆ ಮೊದಲು ಸುದ್ದಿ ಹೊರಗೆ ಹೋದರೆ ಬೇರೆ ಕ್ಲಬ್ಬು ಅವನನ್ನು ಹಾರಿಸಿಕೊಂಡು ಹೋಗುತ್ತದೆ. ಆಮೇಲೆ ನಿನಗೂ ಕೆಲಸವಿಲ್ಲ, ನನಗೂ ಇಲ್ಲ."

"ಹತ್ತು ನಮ್ಮ ಕೋಫಿಯ ನಂಬರಲ್ಲವಾ?"

"ವಿದೇಶಿ ಆಟಗಾರರಿಗೆ ಇರುವ ಜಾಗ ಇಷ್ಟೇ. ಒಬ್ಬ ಬರಬೇಕಾದರೆ ಒಬ್ಬ ಹೋಗಬೇಕು. ಕೋಫಿಗೆ ನಾಳೆ ನಾನೇ ಹೇಳುತ್ತೇನೆ."

ಅವಳು ಹೋದಳು. ಯತೀಶ ಅಕ್ಷರ ಜೋಡಿಸಿದ. ತಲೆಯ ತುಂಬ ಕೋಫಿ, ಕೈ ತನ್ನಷ್ಟಕ್ಕೆ ಫೋಟೊ ತೆಗೆಯಿತು, ಕಳಿಸಿತು. ಉತ್ತರ ಬಂತು. ಆದರೆ ಅಮಿತಾಳದ್ದಲ್ಲ, ಸರ್ವೋತ್ತಮ ಮಾವನದ್ದು. ಹೆಬ್ಬೆರಳಿನ ಚಿತ್ರ.

ಯಾರದೋ ಹುಟ್ಟುಹಬ್ಬದ ಶುಭಾಶಯಗಳಿಂದ ಕುಟುಂಬದ ವಾಟ್ಸಾಪ್ ಗ್ರೂಪು ಮೇಲಕ್ಕೆ ಬಂದು, ಅಮಿತಾಳ ಜಾಗದಲ್ಲಿ ಕೂತಿತ್ತು. ಅರವತ್ತೆರಡು ಜನ! ಯತೀಶ ಗ್ರೂಪಿನಿಂದ ಫೋಟೊ ಅಳಿಸಿದ. ಮಾವನಿಗೆ ಫೋನು ಮಾಡಿದ. ಎತ್ತಲಿಲ್ಲ. ಬಂದದ್ದನ್ನೆಲ್ಲ ನಾಲ್ಕು ಕಡೆ ಹಂಚದಿದ್ದರೆ ಮಾವನಿಗೆ ಊಟ ಸೇರುವುದಿಲ್ಲ. ಯತೀಶ ಕಾರು ಹತ್ತಿದ. ಮಾವನ ಮನೆಯಿರುವ ಪ್ಲೆಸೆಂಟನ್ ತಲುಪುವವರೆಗೆ ಫ್ರೀವೇಯಲ್ಲಿ ಹಿಂದೆ ಬಂದ ಪ್ರತಿ ಕಾರೂ ತನ್ನನ್ನೇ ಹಿಡಿಯಲು ಬಂದಂತೆ ಕಂಡಿತು.

ಮಾವ ಹಿತ್ತಲಲ್ಲಿ ಬಸಳೆಗೆ ನೀರು ಹಾಕುತ್ತಿದ್ದರು.

"ಮಾವ, ಆ ಫೋಟೊ ಯಾರಿಗಾದ್ರೂ ಕಳಿಸಿದ್ರಾ?"

"ಎಂತ ಮಾರಾಯ, ಪೊಲೀಸ್ ಬಂದ ಹಾಗೆ ಬಂದಿದ್ದಿ! ಚಂದ ಉಂಟು ಅಂತ ನಮ್ಮ ಸಂದೇಶನಿಗೆ ಮಾತ್ರ ಕಳಿಸಿದ್ದು."

ಸಂದೇಶ್ ಮಾವನ ಮಗ, ರೆಡ್‌ವುಡ್ ಸಿಟಿಯಲ್ಲಿ ಇಂಜಿನಿಯರು. ಫೋನಿನಲ್ಲಿ ಸಿಕ್ಕಿದ. ಯತೀಶ ಸ್ಪೀಕರು ಹಾಕಿದ.

"ಭಾವ, ಇದು ರಿಯಲ್ಲಾ? ಆಫೀಸಿನ ಸಾಕರ್ ಗ್ರೂಪಿಗೆ ಹಾಕಿದ್ದೆ, ಎಲ್ರೂ ಫೇಕು ಅಂತ ನಗ್ತಾ ಇದಾರೆ."

"ಎಷ್ಟು ಜನ ಇದ್ದಾರೆ?"

"ನಾನೂರು ಚಿಲ್ಲರೆ. ತೆಗೀಲಾ? ತೆಗೆದ್ರೆ ಅನುಮಾನ ಬರತ್ತೆ. ಫೇಕು ಅಂತ ಬಿಟ್ಟುಬಿಡಿ ಭಾವ."

"ಹೌದು, ಹಾಗೇ ಹೇಳು. ಯಾರಿಗೆ ಗೊತ್ತಾಗ್ಲಿಕ್ಕುಂಟು?" ಎಂದರು ಮಾವ.

ಯತೀಶನಿಗೂ ಅದೇ ಸರಿ ಅನ್ನಿಸಿತು. ಅಷ್ಟರಲ್ಲಿ ಕೈಯೊಳಗಿನ ಫೋನು ನಡುಗಿತು. ಕೋಫಿಯ ಮೆಸೇಜು. ಅದೇ ಫೋಟೊ, ಕೆಳಗೆ ಒಂದು ಸಾಲು: "ಯತಿ, ಇದು ನಿನ್ನ ಟೇಬಲ್ಲಲ್ಲವಾ?"

ಫೋಟೊದಲ್ಲಿ ಪ್ರೆಸ್ಸಿನ ಕೆಳಗೆ ಅಮಿತಾ ಹೊಲಿದುಕೊಟ್ಟ ನೀಲಿ ಚೌಕುಳಿ ಬಟ್ಟೆ. ಸಾವಿರ ಜನ ಫೇಕು ಎಂದರೂ ಅದರ ಪಕ್ಕ ನಿಂತು ದಿನಾ ಕಾಫಿ ಕುಡಿದವನು ಹೇಗೆ ನಂಬಿಯಾನು? ಬೆನ್ನಿಗೇ ರಿಂಗಾಗತೊಡಗಿತು. ಕೋಫಿಯೇ. ಯತೀಶ ಎತ್ತಲಿಲ್ಲ. ರಿಂಗು ನಿಂತ ಮೇಲೆ, ಮರಿಸೋಲಳ ನಂಬರು ಒತ್ತಿದ.

"ಫೋಟೊ ಹೊರಗೆ ಹೋಗಿದೆ. ಕಳಿಸಿದವನು ನಾನೇ. ಕೋಫಿಯೂ ನೋಡಿದ್ದಾನೆ."

ಮಾವ ನೀರಿನ ಪೈಪು ಕೆಳಗಿಟ್ಟರು.

"ಅವನ ಮನೆಗೆ ಈಗಲೇ ಹೋಗುತ್ತೇನೆ," ಎಂದಳು ಮರಿಸೋಲ್.

"ನಾಳೆ ನಾನು ಬರಲಾ?"

"ಸಹಿ ಆದರೆ ಬಾ."

ಮರುದಿನ ಏಳು ಗಂಟೆಗೇ ಅವನು ಕ್ಲಬ್ಬಿನ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತಿದ್ದ. ಅಮಿತಾ ಕೊಟ್ಟ ಡಬ್ಬಿ ತೆರೆಯಲೇ ಇಲ್ಲ. ಒಂಬತ್ತು ನಲವತ್ತಕ್ಕೆ ಮರಿಸೋಲಳ ಮೆಸೇಜು ಬಂತು: "ಪ್ರೆಸ್ ಬಿಸಿ ಮಾಡು." ಡಬ್ಬಿಯನ್ನು ಸೀಟಿನ ಮೇಲೇ ಬಿಟ್ಟು ಒಳಗೆ ಹೋದ.

ಕೋಫಿ ಲಾಕರಿನ ಮುಂದೆ ನಿಂತು ಬೂಟುಗಳನ್ನು ಚೀಲಕ್ಕೆ ತುರುಕುತ್ತಿದ್ದ. ತಿರುಗಲಿಲ್ಲ.

"ನಿನ್ನೆ ಯಾಕೆ ಎತ್ತಲಿಲ್ಲ?"

"ಹೆದರಿಕೆಯಾಯಿತು."

"ನಾನೂ ಹೆದರಿಯೇ ಫೋನು ಮಾಡಿದ್ದು. ನನ್ನನ್ನು ಡೆನ್ವರಿನ ಕ್ಲಬ್ಬಿಗೆ ಕಳಿಸುತ್ತಾರಂತೆ. ಮಗಳ ಶಾಲೆ ಈಗಷ್ಟೇ ಶುರುವಾಗಿದೆ."

ಯತೀಶ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಕೂತ. ತುರುಕಿದ್ದನ್ನೆಲ್ಲ ಹೊರಗೆ ತೆಗೆದು, ಒಂದೊಂದೇ ಬೂಟಿನ ಮಣ್ಣು ಕೆರೆದು, ಒಳಗೆ ಕಾಗದ ತುಂಬಿ, ಜೋಡಿ ಜೋಡಿಯಾಗಿ ಇಡತೊಡಗಿದ. ಕೋಫಿ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಅವನೂ ಪಕ್ಕದಲ್ಲಿ ಕೂತು ಒಂದು ಬೂಟು ಎತ್ತಿಕೊಂಡ.