ಕಾಗದದಲ್ಲಿ ಉದ್ದವಾದ ತೂತುಗಳು

ಕಾಕನ ಕೈ ನಡುಗುತ್ತದೆ ಎಂದು ಹೇಳಿದವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತೇನೆ.

ವಾಮದಪದವಿನಲ್ಲಿ ನನ್ನದು ಟೈಲರ್ ಅಂಗಡಿ, ಪಕ್ಕದ್ದು ಕಾಕನ ಕಾಳುಮೆಣಸಿನ ಅಂಗಡಿ. ಅರುವತ್ತೆಂಟು ದಾಟಿದ ಈ ಬ್ಯಾರಿ ಮುಸ್ಲಿಂ ಹಿರಿಯರನ್ನು ಪೇಟೆಯವರೆಲ್ಲ ಕರೆಯುವುದು ಕಾಕ ಎಂದೇ. ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದ ಅವರಿಗೆ ವಾರದಲ್ಲಿ ಒಂದೇ ಒಂದು ಆಸೆ: ಭಾನುವಾರ ಬೆಳಿಗ್ಗೆ ತೋಡಾರಿನ ಆಚೆಗಿನ ರೈಫಲ್ ಕ್ಲಬ್ಬು. ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೇ ಅಲ್ಲಿನ ಮೈದಾನ. ಐವತ್ತು ಮೀಟರ್ ದೂರದ ಕಾಗದಕ್ಕೆ ಅವರು ಗುಂಡು ಹಾರಿಸುತ್ತಾರೆ. ನಾನು ಹಿಂದೆ ಕುಳಿತು, ದುರ್ಬೀನಿನಲ್ಲಿ ನೋಡಿ, ಎಲ್ಲಿ ಬಿತ್ತೆಂದು ಹೇಳುತ್ತೇನೆ.

ಕಳೆದ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಗುಂಡುಗಳು ಚೆಲ್ಲಾಪಿಲ್ಲಿಯಾದವು.

"ಎಲ್ಲಿ ಬಿತ್ತು, ಟೈಲರ್ರೇ?"

"ಎಡಕ್ಕೆ, ಒಂದು ಗೇಣು."

"ಈಗಿನದ್ದು?"

"ಕಾಗದದಲ್ಲೇ ಇಲ್ಲ, ಕಾಕ."

"ಕೋರೆಯಲ್ಲಾದರೂ ಉಂಟಾ?"

ಹತ್ತನೆಯದು ಮುಗಿದಾಗ ಅವರು ರೈಫಲನ್ನು ಮೆಲ್ಲ ಕೆಳಗಿಟ್ಟರು. "ಸತ್ಯ ಹೇಳಿ. ನನ್ನ ಕೈ ನಡುಗ್ತದಾ?"

"ಸ್ವಲ್ಪ ನಡುಗಿದ ಹಾಗೆ ಕಂಡಿತು," ಎಂದೆ.

ವಾಪಸ್ ಬರುವಾಗ ಮೂಡುಬಿದಿರೆಯ ಹೋಟೆಲಿನಲ್ಲಿ ಅವರು ಅರ್ಧ ಬನ್ಸನ್ನು ತಟ್ಟೆಯಲ್ಲೇ ಬಿಟ್ಟರು. ಹಾಗೆ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಮಂಗಳವಾರ ಬಂಟ್ವಾಳಕ್ಕೆ ಹೋಗಿ ಲೈಸೆನ್ಸ್ ವಾಪಸ್ ಕೊಡ್ತೇನೆ. ನಡುಗುವ ಕೈಯಲ್ಲಿ ಕೋವಿ ಇರಬಾರದು," ಎಂದರು.

ನನ್ನ ಒಂದು ಮಾತಿನಿಂದ ಇಷ್ಟಾಯಿತಲ್ಲ!

ಮಧ್ಯಾಹ್ನ ಆ ಕಾಗದವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಬಿದ್ದದ್ದು ನಾಲ್ಕೇ ಗುಂಡು. ಆದರೆ ನಾಲ್ಕು ತೂತುಗಳಲ್ಲಿ ಮೂರು ದುಂಡಗಿರಲಿಲ್ಲ; ಅಂಗಿಯ ಬಟನ್ ತೂರಿಸುವ ಕಾಜಾದಂತೆ ಉದ್ದವಾಗಿದ್ದವು. ಟೇಪು ಇಟ್ಟು ಅಳೆದೆ, ಮತ್ತೊಮ್ಮೆ ಅಳೆದೆ. ಉದ್ದ ಅಗಲದ ಎರಡು ಪಾಲು. ಕೈ ನಡುಗಿದರೆ ತೂತಿನ ಜಾಗ ತಪ್ಪಬಹುದು, ತೂತು ಉದ್ದವಾಗುವುದು ಹೇಗೆ?

ಕ್ಲಬ್ಬು ನೋಡಿಕೊಳ್ಳುವ ನಿವೃತ್ತ ಸುಬೇದಾರರಿಗೆ ಬೆಳ್ತಂಗಡಿಗೆ ಫೋನ್ ಮಾಡಿದೆ. "ಗುಂಡು ಅಡ್ಡ ಮಲಗಿಕೊಂಡು ಹೋಗಿದೆ ಮಾರಾಯ್ರೇ! ಯಾವ ಗುಂಡು ಹಾಕಿದ್ದಾರೆ ಕೇಳಿ," ಎಂದರು.

ಪಕ್ಕದ ಅಂಗಡಿಗೆ ಹೋಗಿ ಕೇಳಿದಾಗ ಕಾಕ ಗುಂಡಿನ ಹೊಸ ಡಬ್ಬಿಯನ್ನು ತೆಗೆದು ತೋರಿಸಿದರು. "ಒಳ್ಳೆ ಮಾಲು. ಕೈಯಲ್ಲಿ ಹಿಡಿದು ನೋಡಿಯೇ ತಂದದ್ದು. ಹಳೆಯದಕ್ಕಿಂತ ಭಾರ ಉಂಟು. ಹಗುರ ಅಂದರೆ ಜೊಳ್ಳಲ್ವಾ?"

ಅವರು ಗುಂಡನ್ನೂ ಮೆಣಸಿನಂತೆ ಆರಿಸಿದ್ದರು. ಅಂಗೈಯಲ್ಲಿ ತೂಗಿ ಗಟ್ಟಿ ಕಾಳನ್ನು ಹೇಳಬಲ್ಲವರು, ಸೀಸದ ಮೂತಿ ಉದ್ದವಾಗಿರುವುದರಿಂದಲೇ ಅದು ಭಾರ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಸುಬೇದಾರರು ಕೋರೆಯಲ್ಲಿ ಕಾಯುತ್ತಿದ್ದರು. ಖಾಲಿ ರೈಫಲಿನ ನಳಿಗೆಗೆ, ಬಿಗಿಯಾಗಿ ಬಟ್ಟೆ ಸುತ್ತಿದ ಸರಳು ತುರುಕಿ ಮೆಲ್ಲಗೆ ಎಳೆದರು. ನಳಿಗೆಯ ಒಳಗಿನ ಸುರುಳಿ ಗೀರುಗಳ ಜೊತೆ ಸರಳೂ ತಿರುಗಿತು. ಅದರ ಮೇಲೆ ಹಾಕಿದ ಗುರುತು ಒಂದು ಸುತ್ತು ಬಂದು ಮತ್ತೆ ಮೇಲಾಗುವ ಹೊತ್ತಿಗೆ ಸರಳು ಹದಿನಾರು ಇಂಚು ಹೊರಬಂದಿತ್ತು. ಅಳೆದವನು ನಾನು.

"ಗುಂಡು ಬುಗುರಿ ಇದ್ದ ಹಾಗೆ, ತಿರುಗಿದರೆ ಮಾತ್ರ ನೆಟ್ಟಗೆ ನಿಲ್ತದೆ. ಗಿಡ್ಡ ಗುಂಡಿಗೆ ಈ ಸುತ್ತು ಸಾಕು. ನಿಮ್ಮ ಉದ್ದದ್ದಕ್ಕೆ ಒಂಬತ್ತು ಇಂಚಿಗೇ ಒಂದು ಸುತ್ತು ಬೇಕು. ಕೈ ನಡುಗ್ತದೆ ಅಂತ ಹೇಳಿದ್ದು ಯಾರು?"

ಕಾಕ ನನ್ನತ್ತ ಬೆರಳು ತೋರಿಸಿದರು.

"ಇವರಾ? ಗುಂಡು ಹಾರಿದಾಗೆಲ್ಲ ಇವರು ಕುರ್ಚಿಯಿಂದ ಏಳ್ತಾರೆ! ನಡುಗಿದ್ದು ದುರ್ಬೀನು, ಕಾಕ."

ಅದು ನಿಜವಿದ್ದರೂ ಇರಬಹುದು.

ಹಳೆಯ ಗಿಡ್ಡ ಗುಂಡುಗಳು ಐದು ಉಳಿದಿದ್ದವು. ಕಾಕ ಮಲಗಿ, ಉಸಿರು ಹಿಡಿದು, ಒಂದೊಂದಾಗಿ ಹಾರಿಸಿದರು. ಈ ಸಲ ನಾನು ದುರ್ಬೀನು ಮುಟ್ಟದೆ ಕಾಗದದವರೆಗೆ ನಡೆದು ಹೋದೆ. ಐದೂ ದುಂಡಗಿನ ತೂತುಗಳು. ಕೋಟಿನ ಒಂದು ಬಟನ್ ಸಾಕು, ಐದನ್ನೂ ಮುಚ್ಚಲಿಕ್ಕೆ.

ಕಾಕ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾಳೆ ಮಂಗಳವಾರ. ಬಂಟ್ವಾಳಕ್ಕೆ ಹೋಗುವ," ಎಂದರು.

ನಾನು ಆ ಐದು ತೂತುಗಳ ಮೇಲೆ ಬೆರಳಿಟ್ಟೆ. "ಮತ್ತೆ ಎಂತಕ್ಕೆ, ಕಾಕ?"

"ಲೈಸೆನ್ಸ್ ರಿನೀವಲಿಗೆ ಮಾರಾಯ್ರೇ. ಐದು ವರ್ಷಕ್ಕೆ ಕೊಡ್ತಾರಂತೆ. ಅಷ್ಟು ಸಾಲ್ತದಾ?"