ತೂಬಿನ ತಿರುವಿನಲ್ಲಿ ನಿಂತ ಸದ್ದು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಾನು ಗೇಲಿ ಮಾಡಿ ಕೂರಿಸುತ್ತಿದ್ದೆ. ಕಬ್ಬಿಣ ಉಜ್ಜಿ ಬದುಕಿದವನು ನಾನು; ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಸದ್ದು ಬಂತೆಂದರೆ ಸದ್ದು ಮಾಡುವ ವಸ್ತು ಇರಲೇಬೇಕು ಎಂಬುದು ನನ್ನ ಹಟ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೂರು ನಂದಗುಡಿಯ ಹತ್ತಿರ. ಜಮೀನು ನೋಡಿಕೊಂಡಿದ್ದ ನನ್ನ ಅಣ್ಣನ ಬಳಿ ಒಂದು ಹಳೆಯ ಅಮೆರಿಕನ್ ಮೋಟಾರ್ ಸೈಕಲ್ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಯಾರ್ಯಾರದೋ ಕೈ ದಾಟಿ ನಮ್ಮ ಮನೆ ಸೇರಿತ್ತು. ಹಳ್ಳಿಕಾರ್ ಎತ್ತಿನ ಕೊಂಬಿನಂತೆ ಹಿಂದಕ್ಕೆ ಬಾಗಿದ ಅಗಲ ಹ್ಯಾಂಡಲ್, ಕಾಲಿಡಲು ಎರಡು ಹಲಗೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕೈಯಿಂದ ಹಾಕುವ ಗೇರು, ಕಾಲಲ್ಲಿ ಒತ್ತುವ ಕ್ಲಚ್ಚು. ಕೂತರೆ ಜಗಲಿಯ ಮೇಲೆ ಕೂತ ಹಾಗೆ. ಆದರೆ ಕೆರೆ ಏರಿಯ ಮೇಲೆ ಎದುರಿಗೆ ಎತ್ತಿನ ಗಾಡಿ ಬಂದರೆ ಆ ಹ್ಯಾಂಡಲ್ಲಿಗೆ ಜಾಗ ಸಾಲುತ್ತಿರಲಿಲ್ಲ. ಪೇಟೆ ಹುಡುಗರ ಬೈಕಿನಂತೆ ಗಿಡ್ಡ ಹ್ಯಾಂಡಲ್, ಕಾಲಿನ ಗೇರು, ಕೈ ಕ್ಲಚ್ಚು, ತುಂಡು ಸೈಲೆನ್ಸರ್ ಹಾಕಿ ಬದಲಾಯಿಸಿಕೊಡು ಎಂದು ಅಣ್ಣ ದುಂಬಾಲು ಬಿದ್ದ. ನನಗೂ ಅಂಥ ಕೆಲಸದ ಚಪಲ, ಒಪ್ಪಿಕೊಂಡೆ.

ರಜೆ ಸಿಕ್ಕಾಗ ಊರಿಗೆ ಬಂದು ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ, ದನಗಳು ಮನೆಗೆ ಬರುವ ಹೊತ್ತು. ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದೆ. ಬಿಡಿಭಾಗಗಳು ಸೀಮೆಎಣ್ಣೆಯ ಬಾಂಡ್ಲಿಯಲ್ಲಿ ನೆನೆಯುತ್ತಿದ್ದವು. ಆಗ ಏರಿಯ ಆಚೆ ತುದಿಯಿಂದ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಅಣ್ಣನ ಗಾಡಿಯ ದಪ್ಪ ಸದ್ದಲ್ಲ. ಒಡಕು ಸದ್ದು, ನಡುನಡುವೆ ಪಟ್ ಎಂದು ಸಿಡಿಯುವಂಥದ್ದು. ಹತ್ತಿರವಾಗುತ್ತಾ ಬಂತು. ಕೆರೆಯ ನೀರು ಬಿಡುವ ತೂಬಿನ ಬಳಿ, ಏರಿ ತಿರುಗುವ ಜಾಗದಲ್ಲಿ ಒಮ್ಮೆ ಜೋರಾಗಿ, ತಟ್ಟನೆ ನಿಂತುಹೋಯಿತು.

ಅಂಗಳದಲ್ಲಿ ಕರು ಕಟ್ಟುತ್ತಿದ್ದ ಅತ್ತಿಗೆ ತಲೆಯೆತ್ತಿದರು. “ಯಾರೋ ಬಂದ್ರಲ್ಲಪ್ಪ, ತೂಬಿನತ್ರ ನಿಂತೋಯ್ತು” ಎಂದರು. ಹುಣಸೆಮರಗಳು ಅಡ್ಡವಿದ್ದುದರಿಂದ ಏರಿ ಕಾಣುತ್ತಿರಲಿಲ್ಲ. ಊರೊಳಗೆ ಯಾವ ಗಾಡಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣ ಅದೇ ದಾರಿಯಲ್ಲಿ ಹೊಲದಿಂದ ನಡೆದು ಬಂದ. ಯಾರಾದರೂ ಸಿಕ್ಕರೇ ಎಂದು ಅತ್ತಿಗೆ ಕೇಳಿದರೆ “ಯಾರೂ ಇಲ್ವಲ್ಲ” ಎಂದು ಕಾಲು ತೊಳೆಯಲು ಹೋದ. ಊರಿನಲ್ಲಿ ಇನ್ನೊಂದು ಮೋಟಾರ್ ಸೈಕಲ್ಲೇ ಇರಲಿಲ್ಲ. ದೊಡ್ಡ ರಸ್ತೆಯ ಸದ್ದನ್ನು ಗಾಳಿ ಹೊತ್ತು ತಂದಿರಬೇಕು ಎಂದು ನಾನು ಅತ್ತಿಗೆಗೆ ಪಾಠ ಹೇಳಿದೆ.

ಗಾಡಿಯ ಕೆಲಸ ಮುಗಿಯುವಷ್ಟರಲ್ಲಿ ಮಳೆಗಾಲ ಕಳೆದು ಕೆರೆ ತುಂಬಿತ್ತು. ಬೆಂಗಳೂರಿನಲ್ಲಿ ಹುಡುಕಿ ತಂದ ತುಂಡು ಸೈಲೆನ್ಸರನ್ನು ಕೊನೆಗೆ ಬಿಗಿದು ಮೊದಲ ಸಲ ಕಿಕ್ ಹೊಡೆದೆ. ಎಂಜಿನ್ ಹತ್ತಿಕೊಂಡಿತು. ಅದೇ ಒಡಕು ಸದ್ದು, ಅದೇ ಪಟ್ ಪಟ್. ಆ ಸಂಜೆ ಈ ಸೈಲೆನ್ಸರ್ ನನ್ನ ಕಣ್ಣಿಗೂ ಬಿದ್ದಿರಲಿಲ್ಲ! ಅತ್ತಿಗೆ ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿದೆ. ಅವರಿಗೂ ಗುರುತು ಸಿಕ್ಕಿತ್ತು.

ನಮ್ಮೂರಿನಲ್ಲಿ ಒಂದು ಪದ್ಧತಿ. ಗಾಡಿ ಹೊಸದಿರಲಿ, ಬಿಚ್ಚಿ ಜೋಡಿಸಿದ್ದಿರಲಿ, ಮೊದಲು ಏರಿಯ ಆಚೆ ತುದಿಯಲ್ಲಿರುವ ಮುನೇಶ್ವರನ ಬಳಿಗೆ ಹೋಗಬೇಕು. ಅಲ್ಲಿ ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ ಮೇಲೆಯೇ ಬೇರೆ ದಾರಿ. ಅಣ್ಣ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಸಿದ್ಧನಾಗಿದ್ದ. ಹೊರಟು ನಿಂತ ಗಂಡನಿಗೆ ಕೆಡುಕಿನ ಮಾತು ಹೇಳುವಂತಿಲ್ಲ. ಹೇಳಿದರೆ ಅದೇ ಆಗುತ್ತದೆ ಎಂಬ ಭಯ. ಅತ್ತಿಗೆ ಸೆರಗು ಹಿಂಡುತ್ತಾ ನನ್ನನ್ನೇ ನೋಡಿದರು. ಶಕುನ ನಂಬದ ನಾನು ಆಗ ಒಂದು ಸುಳ್ಳು ಹೇಳಿದೆ.

“ಅಣ್ಣ, ಕ್ಲಚ್ಚು ಇನ್ನೂ ಸರಿ ಕೂತಿಲ್ಲ. ಇವತ್ತು ಓಡಿಸ್ಬ್ಯಾಡ. ದೇವರತ್ರ ತಳ್ಕೊಂಡೇ ಹೋಗಾಣ.”

“ಈ ಕೋಣನ್ನ ತಳ್ಳಾದಾ? ಊರೋರು ನಗಲ್ವೇನ್ಲಾ?” ಎಂದು ಅಣ್ಣ ರೇಗಿದ. ಆದರೆ ಅಂಥ ಹಟಮಾರಿ ಎರಡನೆಯ ಮಾತಿಗೇ ಒಪ್ಪಿಬಿಟ್ಟ. ನನಗೆ ಅದೇ ಆಶ್ಚರ್ಯ.

ಅಣ್ಣ ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ಅತ್ತಿಗೆ ಪೂಜೆಯ ತಟ್ಟೆ ಹಿಡಿದು ದೂರದಲ್ಲಿ ಬರುತ್ತಿದ್ದರು. ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ಗದ್ದೆಯ ಇಳಿಜಾರು. ತೂಬಿನ ತಿರುವಿಗೆ ಬಂದಾಗ ಅಣ್ಣ ನಿಂತುಬಿಟ್ಟ. ಬೆವರು ಒರೆಸಿಕೊಂಡ.

“ಕ್ಲಚ್ಚು ಸರಿಯಾಗೇ ಐತೆ, ಅಲ್ವೇನ್ಲಾ?” ಎಂದ ಮೆಲ್ಲಗೆ.

ನಾನು ಹೌದೆಂದು ತಲೆಯಾಡಿಸಿದೆ.

“ಆವತ್ತು ನಾನು ಇಲ್ಲೇ ಇದ್ದೆ. ಹಿಂದಿನಿಂದ ಸದ್ದು ಬಂತು ಅಂತ ಪಕ್ಕಕ್ಕೆ ಸರ್ಕೊಂಡೆ. ಗಾಡಿ ಕಾಣ್ಲಿಲ್ಲ. ಸದ್ದು ಮಾತ್ರ ನನ್ನ ದಾಟ್ಕೊಂಡು ಹೋಯ್ತು. ಆಮ್ಯಾಕೆ ದಬಾರ್ ಅಂತ ನೀರಿಗೆ ಬಿತ್ತು. ಆವತ್ತು ಕೆರೇಲಿ ನೀರೆಲ್ಲಿತ್ತು ಹೇಳು? ದನ ಮೇಯ್ತಿದ್ವು.”

ನಾನು ಏರಿಯ ಕೆಳಗೆ ತುಂಬಿ ನಿಂತ ನೀರನ್ನು ನೋಡಿದೆ.

“ಬೀಳೋವಾಗ ಒಬ್ಬ ಕೂಗ್ಕೊಂಡ ಕಣೋ. ಆ ದನಿ ನಂದೇ.”

ಅಷ್ಟರಲ್ಲಿ ಅತ್ತಿಗೆ ಹತ್ತಿರ ಬಂದರು. ಏನಂತೆ ಎಂದು ಕೇಳಿದರು. ಗಾಡಿ ಭಾರವಂತೆ ಎಂದೆ. ಮುನೇಶ್ವರನಿಗೆ ಕಾಯಿ ಒಡೆದು, ತಳ್ಳಿಕೊಂಡೇ ವಾಪಸ್ಸು ಬಂದೆವು. ಅಣ್ಣನೇ ನಿಂತು ತುಂಡು ಸೈಲೆನ್ಸರ್ ಬಿಚ್ಚಿಸಿದ, ಹಳೆಯದನ್ನೇ ಹಾಕಿಸಿದ. ಆಮೇಲೂ ಆ ಗಾಡಿ ಹತ್ತಲು ಅವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಮಾಲೂರಿನ ಕಡೆಯವರೊಬ್ಬರು ಕೊಂಡು ಹೋದರು. ಅವರು ಅದಕ್ಕೆ ಎಂಥ ಸೈಲೆನ್ಸರ್ ಹಾಕಿಸಿಕೊಂಡರೋ ಗೊತ್ತಿಲ್ಲ. ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ನಾವು ಏನನ್ನಾದರೂ ತಪ್ಪಿಸಿದೆವೋ, ತಪ್ಪಿಸುವಂಥದ್ದು ಇರಲೇ ಇಲ್ಲವೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಇನ್ನೂ ಹುಟ್ಟದ ಸದ್ದನ್ನು ಮೂವರು ಕೇಳಿದೆವು, ಅಷ್ಟು ಮಾತ್ರ ನಿಜ. ಅಣ್ಣನಿಗೆ ಈಗ ವಯಸ್ಸಾಗಿದೆ, ಗಟ್ಟಿಯಾಗಿಯೇ ಇದ್ದಾನೆ. ಈಚೆಗೆ ಒಂದು ದಿನ ಜೊತೆಯಲ್ಲಿ ಊಟಕ್ಕೆ ಕೂತಿದ್ದಾಗ, ಅದೆಲ್ಲ ಮುಗಿದುಹೋದ ಕತೆ ಬಿಡಣ್ಣ ಎಂದೆ. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

“ಎಲ್ಲಿ ಮುಗೀತು? ಆ ಕೂಗು ನಾನಿನ್ನೂ ಕೂಗಿಲ್ಲ ಕಣೋ.”